ಅಂಗೈಯಗಲದ ಆಕಾಶಸಮರ: ಬೊಯ್ರಾ ಕಾಳಗದ ಡಯೋರಮಾ ರಚನೆ

ಚಿಕ್ಕ ಪ್ರಮಾಣದ ವಿಮಾನ ಮಾದರಿಗಳನ್ನು ಜೋಡಿಸಿ, ಬಣ್ಣ ಬಳಿದು, ನೆಲ, ಗಿಡಮರ, ಹೊಗೆಗಳೊಂದಿಗೆ ಒಂದು ನಿರ್ದಿಷ್ಟ ಪ್ರಸಂಗದ ದೃಶ್ಯವಾಗಿ ನಿಲ್ಲಿಸುವ ಕಲೆಗೆ ಡಯೋರಮಾ ಎಂದು ಹೆಸರು. ನಮ್ಮವರಿಗೆ ಈ ಹೆಸರು ಅಪರಿಚಿತವಾದರೂ ಕಲ್ಪನೆ ಅಪರಿಚಿತವಲ್ಲ. ನವರಾತ್ರಿಯ ಗೊಂಬೆಹಬ್ಬದಲ್ಲಿ ತಟ್ಟೆಯ ಮಣ್ಣಿನಲ್ಲಿ ರಾಗಿ ಮೊಳೆಯಿಸಿ ಹೊಲ ಮಾಡುವುದು, ಕನ್ನಡಿಯ ತುಂಡಿಟ್ಟು ಕೆರೆ ಮಾಡುವುದು, ಅದರ ದಂಡೆಯಲ್ಲಿ ಗೊಂಬೆಗಳನ್ನು ನಿಲ್ಲಿಸಿ ಹಳ್ಳಿಯ ಸಂತೆಯನ್ನೋ ಮದುವೆಯ ದಿಬ್ಬಣವನ್ನೋ ತೋರಿಸುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಮುಂಬಯಿ, ಪುಣೆ, ದೆಹಲಿಗಳ ಚಿಕ್ಕ ಮನೆಗಳಿಗೆ ಬಂದ ಮೇಲೂ ಅನೇಕ ಕುಟುಂಬಗಳು ಇದನ್ನು ಬಿಟ್ಟಿಲ್ಲ. ಯುದ್ಧವಿಮಾನಗಳ ಡಯೋರಮಾ ಇದೇ ಮನೋಧರ್ಮದ ಇನ್ನೊಂದು ಕವಲು. ವ್ಯತ್ಯಾಸವಿರುವುದು ಒಂದೇ ಅಂಶದಲ್ಲಿ: ಇಲ್ಲಿ ತೋರಿಸುವ ಪ್ರಸಂಗ ನಿಜವಾಗಿ ನಡೆದದ್ದು, ಅದರಲ್ಲಿದ್ದವರು ನಿಜವಾದ ಮನುಷ್ಯರು. ಆದ್ದರಿಂದ ಕೈಚಳಕದಷ್ಟೇ ಸತ್ಯನಿಷ್ಠೆಯೂ ಇಲ್ಲಿ ಅಗತ್ಯ.

ಈ ಲೇಖನದಲ್ಲಿ 1971ರ ನವೆಂಬರ್ 22ರಂದು ಬಂಗಾಳದ ಬೊಯ್ರಾ ಪ್ರದೇಶದ ಮೇಲೆ ನಡೆದ ವಾಯುಕಾಳಗವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂತಹ ದೃಶ್ಯವನ್ನು ಮನೆಯಲ್ಲಿಯೇ ರಚಿಸುವ ಕ್ರಮವನ್ನು ವಿವರಿಸುತ್ತೇವೆ.

ಹಿನ್ನೆಲೆ

ಡಯೋರಮಾ ಎಂಬ ಪದವನ್ನು ಬಳಕೆಗೆ ತಂದವರು ಫ್ರಾನ್ಸಿನ ಲೂಯಿ ಡಾಗೇರ್. ಛಾಯಾಚಿತ್ರಕಲೆಯ ಮೂಲಪುರುಷರಲ್ಲಿ ಒಬ್ಬರಾದ ಇವರು 1822ರಲ್ಲಿ ಪ್ಯಾರಿಸ್ಸಿನಲ್ಲಿ ಬೃಹತ್ ವರ್ಣಚಿತ್ರಗಳ ಮೇಲೆ ಬೆಳಕನ್ನು ಬದಲಿಸುತ್ತ ದೃಶ್ಯಗಳನ್ನು ತೋರಿಸುವ ಪ್ರದರ್ಶನಶಾಲೆಯೊಂದನ್ನು ತೆರೆದು ಅದಕ್ಕೆ ಈ ಹೆಸರನ್ನಿಟ್ಟರು. ಮುಂದೆ ವಸ್ತುಸಂಗ್ರಹಾಲಯಗಳು ಇದೇ ಪದವನ್ನು ಗಾಜಿನ ಪೆಟ್ಟಿಗೆಯೊಳಗಿನ ಮೂರು ಆಯಾಮದ ದೃಶ್ಯಗಳಿಗೆ ಅನ್ವಯಿಸಿದವು.

ಪ್ಲಾಸ್ಟಿಕ್ ವಿಮಾನ ಕಿಟ್‌ಗಳು ಬಂದದ್ದು 1936ರಲ್ಲಿ. ಇಂಗ್ಲೆಂಡಿನ ಫ್ರಾಗ್ ಸಂಸ್ಥೆ ‘ಪೆಂಗ್ವಿನ್’ ಎಂಬ ಮಾಲಿಕೆಯಲ್ಲಿ 1/72 ಪ್ರಮಾಣದ ಮಾದರಿಗಳನ್ನು ಹೊರತಂದಿತು. ಎಪ್ಪತ್ತೆರಡು ಎಂಬ ಸಂಖ್ಯೆ ವಿಚಿತ್ರವೆನಿಸಬಹುದು. ಅದರ ಲೆಕ್ಕ ಸರಳ. ಆರು ಅಡಿಗೆ ಎಪ್ಪತ್ತೆರಡು ಅಂಗುಲ. ಅಂದರೆ ಆರಡಿ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಅಂಗುಲವಾಗುತ್ತಾನೆ. ಏರ್‌ಫಿಕ್ಸ್ ಸಂಸ್ಥೆ 1950ರ ದಶಕದಲ್ಲಿ ಈ ಪ್ರಮಾಣವನ್ನು ಜನಪ್ರಿಯಗೊಳಿಸಿತು. ಇಂದು 1/72, 1/48 ಮತ್ತು 1/32 ಇವು ವಿಮಾನ ಮಾದರಿಗಳ ಮುಖ್ಯ ಪ್ರಮಾಣಗಳು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಅವರು ಮೋನೋಗ್ರಾಮ್ ಕಿಟ್‌ಗಳ ಜೊತೆಗೆ ಬರುತ್ತಿದ್ದ ಕರಪತ್ರಗಳ ಮೂಲಕ ಡಯೋರಮಾ ರಚನೆಯ ಸೂತ್ರಗಳನ್ನು ಸಾಮಾನ್ಯ ಹವ್ಯಾಸಿಗಳಿಗೆ ತಲುಪಿಸಿದರು.

ಬೊಯ್ರಾ ಕಾಳಗವನ್ನೇ ಏಕೆ ಆರಿಸಬೇಕು?

ಪೂರ್ವ ಪಾಕಿಸ್ತಾನದ ಜೆಸ್ಸೋರ್ ಜಿಲ್ಲೆಯ ಗರೀಬ್‌ಪುರದಲ್ಲಿ 1971ರ ನವೆಂಬರ್ 21ರಂದು ಟ್ಯಾಂಕುಗಳ ಕಾಳಗ ನಡೆಯಿತು. ಆಗ ಇನ್ನೂ ಯುದ್ಧದ ಅಧಿಕೃತ ಘೋಷಣೆಯಾಗಿರಲಿಲ್ಲ. ಮರುದಿನ ಅಲ್ಲಿಯ ಭಾರತೀಯ ಸೇನೆಯ ಮೇಲೆ ದಾಳಿ ಮಾಡಲು ಢಾಕಾದಿಂದ ಪಾಕಿಸ್ತಾನದ 14ನೇ ಸ್ಕ್ವಾಡ್ರನ್ನಿನ ಸೇಬರ್ ಜೆಟ್‌ಗಳು ಬಂದವು. ಮಧ್ಯಾಹ್ನ ಸುಮಾರು ಮೂರು ಗಂಟೆಯ ಹೊತ್ತಿಗೆ ಕೋಲ್ಕತ್ತದ ಡಂಡಂ ನೆಲೆಯಿಂದ ಮೇಲೇರಿದ 22ನೇ ಸ್ಕ್ವಾಡ್ರನ್ನಿನ ನಾಲ್ಕು ನ್ಯಾಟ್ ವಿಮಾನಗಳು ಅವುಗಳನ್ನು ಎದುರಿಸಿದವು. ರಾಯ್ ಮ್ಯಾಸೀ ಅವರು ತಂಡದ ನಾಯಕರು, ಎಂ. ಎ. ಗಣಪತಿ, ಡೊನಾಲ್ಡ್ ಲಜಾರಸ್ ಮತ್ತು ಎಸ್. ಎಫ್. ಸೋರೆಸ್ ಉಳಿದ ಮೂವರು. ಕೆಲವೇ ನಿಮಿಷಗಳ ಕಾಳಗದಲ್ಲಿ ಎರಡು ಸೇಬರ್‌ಗಳು ನೆಲಕ್ಕುರುಳಿದವು. ಅವುಗಳ ಚಾಲಕರಿಬ್ಬರೂ ಪ್ಯಾರಾಚೂಟಿನಿಂದಿಳಿದು ಸೆರೆಯಾದರು. ನ್ಯಾಟ್‌ಗಳು ನಾಲ್ಕೂ ಮರಳಿದವು. ಮ್ಯಾಸೀ, ಗಣಪತಿ, ಲಜಾರಸ್ ಮೂವರಿಗೂ ವೀರಚಕ್ರ ಸಂದಿತು.

ನ್ಯಾಟ್ ಎಂದರೆ ನೊರಜು. ಬ್ರಿಟನ್ನಿನ ಫೋಲೆಂಡ್ ಸಂಸ್ಥೆಗಾಗಿ ಡಬ್ಲ್ಯು. ಇ. ಡಬ್ಲ್ಯು. ಪೆಟರ್ ವಿನ್ಯಾಸಗೊಳಿಸಿದ ಈ ಪುಟ್ಟ ವಿಮಾನ 1955ರ ಜುಲೈ 18ರಂದು ಮೊದಲ ಬಾರಿ ಹಾರಿತು. ಬ್ರಿಟಿಷ್ ವಾಯುಪಡೆ ಇದರ ಎರಡಾಸನದ ತರಬೇತಿ ಮಾದರಿಯನ್ನು ಮಾತ್ರ ಸೇವೆಗೆ ತೆಗೆದುಕೊಂಡಿತು. ಒಂದಾಸನದ ಹೋರಾಟ ವಿಮಾನವನ್ನು ದೊಡ್ಡ ಪ್ರಮಾಣದಲ್ಲಿ ಸ್ವೀಕರಿಸಿದ ರಾಷ್ಟ್ರ ಭಾರತ. ನಮ್ಮ ವಾಯುಪಡೆಯ ನ್ಯಾಟ್‌ಗಳಲ್ಲಿ ಬಹುಪಾಲು ತಯಾರಾದದ್ದು ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ. ಅದರ ಆರ್ಫಿಯಸ್ ಎಂಜಿನ್ನುಗಳನ್ನೂ ಅಲ್ಲಿಯೇ ತಯಾರಿಸಲಾಯಿತು. ಎಚ್‌ಎಎಲ್‌ನಲ್ಲಿ ದುಡಿದ ಹಿರಿಯರಿರುವ ಮನೆಗಳು ನಮ್ಮ ನಡುವೆ ಕಡಿಮೆಯೇನಿಲ್ಲ. ಅಂತಹ ಮನೆಯ ಮೊಮ್ಮಕ್ಕಳಿಗೆ ಈ ಮಾದರಿ ಅಜ್ಜನ ಕೈಕೆಲಸದ ಪರಿಚಯವೂ ಆಗುತ್ತದೆ.

ದಾಖಲೆಗಳ ತಾಳೆ

ಅಂಟಿನ ಬಾಟಲಿ ತೆರೆಯುವ ಮೊದಲು ಓದಬೇಕಾದ್ದು ಬಹಳ. ಬ್ಯಾಂಕಿನ ಕೆಲಸದಲ್ಲಿ ವರ್ಷಗಳನ್ನು ಕಳೆದ ನಮ್ಮಂಥವರಿಗೆ ಈ ಹಂತ ಸಹಜವಾಗಿ ಒಗ್ಗುತ್ತದೆ. ಒಂದು ಪುಸ್ತಕದ ಜಮಾ ಇನ್ನೊಂದು ಪುಸ್ತಕದ ಖರ್ಚಿನೊಂದಿಗೆ ತಾಳೆಯಾಗದೆ ದಿನದ ಲೆಕ್ಕ ಮುಗಿಯುವುದಿಲ್ಲ. ಹಾಗೆಯೇ ವಾಯುಕಾಳಗದಲ್ಲಿ ಒಂದು ಪಕ್ಷ ಹೊಡೆದುರುಳಿಸಿದೆನೆಂದು ಹೇಳುವ ಸಂಖ್ಯೆಯನ್ನು ಇನ್ನೊಂದು ಪಕ್ಷ ಕಳೆದುಕೊಂಡೆನೆಂದು ಒಪ್ಪುವ ಸಂಖ್ಯೆಯೊಂದಿಗೆ ಹೋಲಿಸಬೇಕು. ಬೊಯ್ರಾದಲ್ಲಿ ಮೂರು ಸೇಬರ್‌ಗಳನ್ನು ಉರುಳಿಸಲಾಯಿತೆಂದು ಭಾರತದಲ್ಲಿ ಮೊದಲು ಪ್ರಕಟವಾಯಿತು. ಮೂರನೆಯ ಸೇಬರ್ ಏಟು ತಿಂದರೂ ಢಾಕಾಕ್ಕೆ ಮರಳಿತೆಂಬುದು ಅನಂತರ ತಿಳಿದುಬಂತು. ಪಾಕಿಸ್ತಾನದ ಕಡೆಯಿಂದ ಒಂದು ನ್ಯಾಟ್ ಬಿತ್ತೆಂಬ ಹೇಳಿಕೆ ಬಂತು, ಅದೂ ತಾಳೆಯಾಗಲಿಲ್ಲ. ಎರಡೂ ಕಡೆಯ ದಾಖಲೆಗಳು ಕೂಡುವುದು ಎರಡು ಸೇಬರ್‌ಗಳ ಪತನದಲ್ಲಿ. ಆದ್ದರಿಂದ ಮೂರು ಸೇಬರ್‌ಗಳು ಉರಿಯುತ್ತಿರುವ ದೃಶ್ಯವನ್ನು ಎಷ್ಟೇ ಸೊಗಸಾಗಿ ಮಾಡಿದರೂ ಅದು ಬೊಯ್ರಾ ಆಗುವುದಿಲ್ಲ.

ಮುಂದಿನ ಪ್ರಶ್ನೆ, ಯಾವ ಕ್ಷಣವನ್ನು ತೋರಿಸಬೇಕು ಎಂಬುದು. ಡಯೋರಮಾ ಚಲನಚಿತ್ರವಲ್ಲ, ಅದರಲ್ಲಿ ಒಂದೇ ಕ್ಷಣಕ್ಕೆ ಅವಕಾಶ. ಗುಂಡು ಹಾರುವ ಕ್ಷಣ, ಸೇಬರ್ ಹೊಗೆಯುಗುಳುವ ಕ್ಷಣ, ಚಾಲಕ ಪ್ಯಾರಾಚೂಟಿನಲ್ಲಿ ತೂಗುತ್ತಿರುವ ಕ್ಷಣ ಇವು ಮೂರೂ ಬೇರೆ ಬೇರೆ ಕಥೆಗಳು. ನಮ್ಮ ಆಯ್ಕೆ ಮೂರನೆಯದು. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇವೆ.

ಕಿಟ್‌ಗಳ ಆಯ್ಕೆ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಗಳಲ್ಲಿ ನ್ಯಾಟ್ ಎಂಬ ಹೆಸರಿನ ಪೆಟ್ಟಿಗೆ ಕಂಡೊಡನೆ ಕೊಳ್ಳಬಾರದು. ಏರ್‌ಫಿಕ್ಸಿನ ಪರಿಚಿತ ಕಿಟ್, ರೆಡ್ ಆರೋಸ್ ಪ್ರದರ್ಶನ ತಂಡ ಬಳಸುತ್ತಿದ್ದ ಎರಡಾಸನದ ತರಬೇತಿ ವಿಮಾನದ್ದು. ನಮಗೆ ಬೇಕಾದದ್ದು ಒಂದಾಸನದ ಎಫ್.1. ಜೆಕ್ ದೇಶದ ಸ್ಪೆಷಲ್ ಹಾಬಿ ಸಂಸ್ಥೆ ಒಂದಾಸನದ ನ್ಯಾಟನ್ನೂ, ಅದರಿಂದ ಎಚ್‌ಎಎಲ್ ಬೆಳೆಸಿದ ಅಜೀತ್ ವಿಮಾನವನ್ನೂ 1/72ರಲ್ಲಿ ಹೊರತಂದಿದೆ. ಸೇಬರ್ ಕಿಟ್‌ಗಳು ಏರ್‌ಫಿಕ್ಸ್, ಹಸೆಗಾವಾ, ಅಕಾಡೆಮಿ ಮೊದಲಾದ ಸಂಸ್ಥೆಗಳಿಂದ ದೊರೆಯುತ್ತವೆ. ಢಾಕಾದಲ್ಲಿದ್ದವು ಕೆನಡಾದಲ್ಲಿ ತಯಾರಾದ ಸೇಬರ್‌ಗಳು ಎಂಬುದನ್ನು ಕಿಟ್ ಆರಿಸುವಾಗ ನೆನಪಿಡಬೇಕು. ರೆಕ್ಕೆಯ ಮುಂಚೂಣಿಯಲ್ಲಿ ಚಲಿಸುವ ಪಟ್ಟಿಗಳುಳ್ಳ ಮಾದರಿ ಅವಕ್ಕೆ ಹತ್ತಿರವಾದದ್ದು.

ಎರಡೂ ವಿಮಾನಗಳು ಒಂದೇ ಪ್ರಮಾಣದಲ್ಲಿರಬೇಕು. 1/72ರಲ್ಲಿ ನ್ಯಾಟ್ ಸುಮಾರು 12 ಸೆಂ.ಮೀ. ಉದ್ದ, 9.4 ಸೆಂ.ಮೀ. ಅಗಲ, ಸೇಬರ್ ಸುಮಾರು 16 ಸೆಂ.ಮೀ. ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ. ಈ ಅಂತರವೇ ಆ ಕಾಳಗದ ಒಳಗುಟ್ಟು. ನ್ಯಾಟಿನ ಬಲ ಅದರ ಸಣ್ಣ ಗಾತ್ರದಲ್ಲಿತ್ತು. ದೂರದಿಂದ ಕಣ್ಣಿಗೆ ಬೀಳದು, ಬೇಗ ತಿರುಗಬಲ್ಲದು. ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟೊಡನೆ ನೋಡುವವರಿಗೆ ಇದು ವಿವರಣೆಯಿಲ್ಲದೆ ತಿಳಿಯುತ್ತದೆ.

ಜೋಡಣೆ

ಕಿಟ್‌ನ ಭಾಗಗಳನ್ನು ಮೊದಲು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಚೌಕಟ್ಟಿನಿಂದ ಭಾಗಗಳನ್ನು ಕೈಯಿಂದ ಮುರಿಯದೆ ಕಟರಿನಿಂದ ಕತ್ತರಿಸಿ, ಅಂಟು ಹಚ್ಚುವ ಮೊದಲು ಒಣದಾಗಿಯೇ ಜೋಡಿಸಿ ನೋಡಬೇಕು. ಪ್ಲಾಸ್ಟಿಕ್ ಅಂಟು ಎರಡು ಭಾಗಗಳ ಅಂಚನ್ನು ಕರಗಿಸಿ ಒಂದಾಗಿಸುತ್ತದೆ. ಆದ್ದರಿಂದ ಅತಿ ಕಡಿಮೆ ಸಾಕು. ಸಂದುಗಳನ್ನು ಪುಟ್ಟಿಯಿಂದ ತುಂಬಿ, 400ರಿಂದ ಆರಂಭಿಸಿ 600, 1000ದವರೆಗಿನ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಅಗಲವಾದ ಸಂದುಗಳಿಗೆ ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಸಹ ಆಗುತ್ತದೆ.

ಗಾಜಿನಂಥ ಪಾರದರ್ಶಕ ಭಾಗಗಳಿಗೆ ಫೆವಿಕ್ವಿಕ್ ತರಹದ ಅಂಟನ್ನು ಬಳಸಕೂಡದು. ಅದರ ಆವಿ ತಗುಲಿ ಗಾಜು ಮಂಜು ಕವಿದಂತಾಗುತ್ತದೆ. ಅಲ್ಲಿ ಮನೆಯ ಬಿಳಿ ಫೆವಿಕಾಲೇ ಉತ್ತಮ. ಒಣಗಿದ ಮೇಲೆ ಅದು ಕಾಣುವುದಿಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನ್ ದ್ರಾವಣವನ್ನು ಕಿಟ್‌ನ ಹತ್ತಿರವೂ ತರಬಾರದು. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಹಾರುತ್ತಿರುವ ವಿಮಾನಕ್ಕೆ ಕೆಲವು ವಿಶೇಷ ನಿಯಮಗಳಿವೆ. ನೆಲದ ಮೇಲೆ ನಿಲ್ಲುವ ಮಾದರಿಗೆ ಮೂತಿಯಲ್ಲಿ ಭಾರ ತುಂಬಬೇಕಾಗುತ್ತದೆ; ಇಲ್ಲಿ ಅದರ ಅಗತ್ಯವಿಲ್ಲ. ಚಕ್ರಗಳು ಒಳಗಿರಬೇಕಾದ್ದರಿಂದ ಅವುಗಳ ಬಾಗಿಲುಗಳನ್ನು ಮುಚ್ಚಬೇಕು. ಕಿಟ್‌ಗಳಲ್ಲಿ ಈ ಬಾಗಿಲುಗಳು ಸಾಮಾನ್ಯವಾಗಿ ತೆರೆದ ಸ್ಥಿತಿಗೆಂದೇ ಮಾಡಿರುತ್ತವೆ. ಅಂಚುಗಳನ್ನು ಅರದಿಂದ ಉಜ್ಜಿ ಕೂರಿಸುವ ತಾಳ್ಮೆ ಬೇಕು. ನ್ಯಾಟಿನಲ್ಲಿ ಒಂದು ಸ್ವಾರಸ್ಯವುಂಟು: ಅದರ ಚಕ್ರಗಳನ್ನೂ ಬಾಗಿಲುಗಳನ್ನೂ ಅರ್ಧ ಇಳಿಸಿ ಗಾಳಿಯ ಬ್ರೇಕಾಗಿ ಬಳಸಬಹುದಿತ್ತು. ವೇಗ ತಗ್ಗಿಸುತ್ತಿರುವ ನ್ಯಾಟನ್ನು ಹಾಗೆ ತೋರಿಸಿದರೂ ತಪ್ಪಾಗದು. ಬಿಗಿಯಾಗಿ ತಿರುಗುತ್ತಿರುವ ಸೇಬರ್‌ನ ರೆಕ್ಕೆಯ ಮುಂಚೂಣಿಯ ಪಟ್ಟಿಗಳು ತಾವಾಗಿಯೇ ಹೊರಚಾಚುತ್ತಿದ್ದವು. ಅವನ್ನು ತುಸು ಮುಂದಕ್ಕೆ ಅಂಟಿಸಬೇಕು. ವಿಮಾನ ಒಂದು ಪಕ್ಕಕ್ಕೆ ವಾಲಲಾರಂಭಿಸುತ್ತಿದ್ದರೆ, ಮೇಲೇಳುವ ರೆಕ್ಕೆಯ ಐಲೆರಾನ್ ಕೆಳಕ್ಕೂ ಇಳಿಯುವ ರೆಕ್ಕೆಯದು ಮೇಲಕ್ಕೂ ಇರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಟಿನೊಳಗೆ ಚಾಲಕನಿರಬೇಕು. ಅನೇಕ ಕಿಟ್‌ಗಳಲ್ಲಿ ಚಾಲಕನ ಗೊಂಬೆ ಇರುವುದಿಲ್ಲ. ಪ್ರತ್ಯೇಕವಾಗಿ ಕೊಂಡು ತರಬೇಕಾಗುತ್ತದೆ. ಖಾಲಿ ಆಸನದ ವಿಮಾನ ಆಕಾಶದಲ್ಲಿ ಹಾರುತ್ತಿದ್ದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇದಕ್ಕೆ ಪ್ರತಿಯಾಗಿ, ನಾವು ಆರಿಸಿದ ಕ್ಷಣದಲ್ಲಿ ಸೇಬರ್‌ನ ಆಸನ ಖಾಲಿಯಿರಬೇಕು, ಗಾಜಿನ ಮುಚ್ಚುಗೆಯೂ ಇರಬಾರದು.

ಬಣ್ಣಗಾರಿಕೆ

ಪೆಟ್ಟಿಗೆಯ ಮೇಲಿನ ಚಿತ್ರವನ್ನು ನಂಬಿ ಬಣ್ಣ ಹಚ್ಚುವುದು ಈ ಹವ್ಯಾಸದ ಅತಿ ಸಾಮಾನ್ಯ ದೋಷ. ಒಂದೇ ವಿಮಾನ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ವೇಷ ತೊಡುತ್ತದೆ. 1965ರ ಯುದ್ಧಕ್ಕೆ ಹೊರಟ ನಮ್ಮ ನ್ಯಾಟ್‌ಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಆ ಯುದ್ಧದ ಅನುಭವದ ಮೇಲೆ ವಾಯುಪಡೆಯಲ್ಲಿ ಹಸಿರು, ಕಂದು ಛಾಯೆಗಳ ಮರೆಬಣ್ಣದ ಬಳಕೆ ಹೆಚ್ಚಿತು. ಆದ್ದರಿಂದ ಆಯಾ ಸ್ಕ್ವಾಡ್ರನ್ನಿನ, ಆಯಾ ಕಾಲದ ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡೇ ಕುಂಚ ಹಿಡಿಯಬೇಕು. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ನ್ಯಾಟ್ ವಿಮಾನವಿದೆ. ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ಅಲ್ಲಿ ತಯಾರಾದ ವಿಮಾನಗಳಿವೆ. ಅಂತಹ ಕಡೆ ಹೋದಾಗ ತಗಡಿನ ಜೋಡಣೆಯ ಗೆರೆಗಳು, ಎಂಜಿನ್ ನಳಿಗೆಯ ಸುತ್ತ ಲೋಹ ಕಂದಿದ ರೀತಿ ಇವುಗಳನ್ನು ಗಮನಿಸುವುದು ಲಾಭಕರ. ಆದರೆ ಸಂಗ್ರಹಾಲಯದ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಆಕಾರಕ್ಕೆ ಅದು ಸಾಕ್ಷಿ, ಬಣ್ಣಕ್ಕೆ ಅಲ್ಲ.

ಬಣ್ಣಗಳಲ್ಲಿ ಎನಾಮೆಲ್ ಮತ್ತು ಅಕ್ರಿಲಿಕ್ ಎಂದು ಎರಡು ಮುಖ್ಯ ವಿಧ. ನೀರಿನಲ್ಲಿ ತೊಳೆಯಬಹುದಾದ, ವಾಸನೆ ಕಡಿಮೆಯಿರುವ ಅಕ್ರಿಲಿಕ್ ಬಣ್ಣವೇ ನಗರದ ಮನೆಗಳಿಗೆ ಅನುಕೂಲ. ಮೊದಲು ಬೂದುಬಣ್ಣದ ಪ್ರೈಮರ್ ಕೊಟ್ಟರೆ ಉಳಿದ ಗೀರುಗಳು ಎದ್ದು ಕಾಣುತ್ತವೆ; ಆಗಲೇ ತಿದ್ದಿಕೊಳ್ಳಬೇಕು. ಲೋಹದ ಹೊಳಪು ಬೇಕಾದಲ್ಲಿ ಹೊಳೆಯುವ ಕಪ್ಪನ್ನು ತಳಬಣ್ಣವಾಗಿ ಹಚ್ಚಿ ಅದರ ಮೇಲೆ ಅಲ್ಯುಮಿನಿಯಂ ಬಣ್ಣವನ್ನು ತೆಳುವಾಗಿ ಸಿಂಪಡಿಸಬೇಕು. ಮರೆಬಣ್ಣವಾದರೆ ತಿಳಿಬಣ್ಣ ಮೊದಲು, ಗಾಢಬಣ್ಣ ಅನಂತರ. ಏರ್‌ಬ್ರಷ್ ಇದ್ದವರು 15ರಿಂದ 20 ಪಿಎಸ್‌ಐ ಒತ್ತಡದಲ್ಲಿ, ಹಾಲಿನಷ್ಟು ತೆಳುವಾದ ಬಣ್ಣವನ್ನು ಬಳಸಬಹುದು. ಇಲ್ಲದವರು ಅಗಲವಾದ ಮೃದು ಕುಂಚದಿಂದ, ಪ್ರತಿ ಲೇಪ ಒಣಗಿದ ಮೇಲೆ ಇನ್ನೊಂದನ್ನು ಅಡ್ಡಲಾಗಿ ಎಳೆದರೆ ಕುಂಚದ ಗುರುತು ಉಳಿಯದು. ಸಿಂಪಡಿಸುವಾಗ ಕಿಟಕಿ ತೆರೆದಿರಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ಮಕ್ಕಳಿರುವ ಮನೆಯಲ್ಲಿ ಇದು ಕಡ್ಡಾಯ.

ಪುಟ್ಟ ವಸ್ತುವಿನ ಮೇಲೆ ನಿಜವಾದ ಬಣ್ಣ ಹೆಚ್ಚು ಗಾಢವಾಗಿ ಕಾಣುತ್ತದೆ. ದೂರದ ಬೆಟ್ಟ ನೀಲಿಯಾಗಿ ಮಾಸಿದಂತೆ ತೋರುವುದು ನಮಗೆ ಗೊತ್ತು. ಅದೇ ನ್ಯಾಯದಿಂದ ಪ್ರತಿ ಬಣ್ಣಕ್ಕೂ ಸ್ವಲ್ಪ ಬಿಳಿಯನ್ನು ಬೆರೆಸಿ ತಿಳಿಯಾಗಿಸಬೇಕು. ಚಕ್ರಚಿಹ್ನೆ, ಅಂಕಿಗಳ ಡೆಕಾಲ್ ಅಂಟಿಸುವ ಮೊದಲು ಇಡೀ ವಿಮಾನಕ್ಕೆ ಹೊಳಪಿನ ವಾರ್ನಿಷ್ ಹಚ್ಚಬೇಕು. ಒರಟು ಮೇಲ್ಮೈಯಲ್ಲಿ ಡೆಕಾಲ್‌ನ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಭಾರತೀಯ ಚಿಹ್ನೆಯಲ್ಲಿ ಹೊರಬಳೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಪಾಕಿಸ್ತಾನದ್ದರಲ್ಲಿ ಹೊರಗೆ ಹಸಿರು, ಒಳಗೆ ಬಿಳಿ.

ಕೊನೆಯದಾಗಿ ಸವಕಳಿಯ ಗುರುತುಗಳು. ಕಪ್ಪುಗಂದು ಬಣ್ಣವನ್ನು ಬಹಳ ತೆಳುವಾಗಿಸಿ ತಗಡಿನ ಗೆರೆಗಳಲ್ಲಿ ಹರಿಯಬಿಟ್ಟು ಉಳಿದದ್ದನ್ನು ಒರೆಸಿದರೆ ಗೆರೆಗಳು ಮೂಡುತ್ತವೆ. ನ್ಯಾಟಿನ ಎರಡು 30 ಮಿ.ಮೀ. ಏಡನ್ ಫಿರಂಗಿಗಳು ಗಾಳಿಮುಖಗಳ ಪಕ್ಕದಲ್ಲಿದ್ದವು. ಆಗತಾನೆ ಗುಂಡು ಹಾರಿಸಿದ ವಿಮಾನವಾದ್ದರಿಂದ ಅವುಗಳ ಬಾಯಿಯಿಂದ ಹಿಂದಕ್ಕೆ ತೆಳುವಾದ ಮಸಿಯ ಛಾಯೆ ಇರಲಿ. ಸೇಬರ್‌ನ ಮೂತಿಯ ಇಕ್ಕೆಲಗಳ ಮೂರು ಮೂರು ಮೆಷಿನ್‌ಗನ್ ರಂಧ್ರಗಳಿಗೂ ಇದೇ ಕ್ರಮ; ಅದು ನೆಲದ ಮೇಲೆ ಗುಂಡು ಸುರಿಸಿ ಬಂದದ್ದು. ಆದರೆ ತುಕ್ಕು, ಕೊಳೆ ಬಳಿಯುವ ಉತ್ಸಾಹಕ್ಕೆ ಕಡಿವಾಣವಿರಲಿ. ದಿನವೂ ಶುಶ್ರೂಷೆ ಪಡೆಯುವ ಯುದ್ಧವಿಮಾನ ಗುಜರಿಯಂತೆ ಕಾಣಬಾರದು.

ದೂರದ ಸಮಸ್ಯೆ ಮತ್ತು ಅದರ ಪರಿಹಾರ

ವಿಮಾನದ ಡಯೋರಮಾ ಟ್ಯಾಂಕಿನ ಡಯೋರಮಾಕ್ಕಿಂತ ಕಠಿಣವೆನಿಸುವುದು ಇಲ್ಲಿ. ಹಿಂಬಾಲಿಸುವ ವಿಮಾನ 100 ಮೀಟರ್ ಹಿಂದಿದ್ದರೆ 1/72ರಲ್ಲಿ ಆ ಅಂತರ 139 ಸೆಂ.ಮೀ. ಆಗುತ್ತದೆ. 150 ಮೀಟರ್ ಎತ್ತರವೆಂದರೆ ನೆಲ ಎರಡು ಮೀಟರಿಗಿಂತಲೂ ಕೆಳಗೆ! ದಿವಾನಖಾನೆಯ ಕಪಾಟಿನಲ್ಲಿ ಇದು ಸಾಧ್ಯವಿಲ್ಲ. ಎಲ್ಲವನ್ನೂ ಅಳತೆಯಂತೆಯೇ ಇಡುತ್ತೇನೆಂಬ ಹಠ ಇಲ್ಲಿ ಸೋಲುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದೇ ನಿರ್ಧರಿಸಬೇಕಾಗುತ್ತದೆ.

ಪರಿಹಾರವೆಂದರೆ ನೆಲವನ್ನು ಇನ್ನೂ ಕಿರಿದಾದ ಪ್ರಮಾಣದಲ್ಲಿ ಮಾಡುವುದು. ನೆಲ 1/300 ಆದರೆ 150 ಮೀಟರ್ ಎತ್ತರ 50 ಸೆಂ.ಮೀ.ಗೆ ಇಳಿಯುತ್ತದೆ. 45 ಸೆಂ.ಮೀ. ಚೌಕದ ಪ್ಲೈವುಡ್ ಹಲಗೆ ಸುಮಾರು 135 ಮೀಟರ್ ಚೌಕದ ಭೂಮಿಯಾಗುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಕೆಳಗಿನ ಮರಗಳು ಚಿಕ್ಕದಾಗಿರುವುದರಿಂದಲೇ ಎತ್ತರದ ಭ್ರಮೆ ಉಂಟಾಗುತ್ತದೆ. ವಿಮಾನಗಳ ನಡುವಿನ ಅಂತರವನ್ನು 20 ಸೆಂ.ಮೀ.ಗೆ ಕುಗ್ಗಿಸುವುದು ಅನಿವಾರ್ಯ. ಆದರೆ ದಿಕ್ಕು, ವಾಲುವಿಕೆ, ಯಾರು ಯಾರ ಹಿಂದೆ ಎಂಬ ಸಂಬಂಧಗಳನ್ನು ಬದಲಿಸಕೂಡದು. ರಟ್ಟಿನಲ್ಲಿ ವಿಮಾನದ ಆಕಾರಗಳನ್ನು ಕತ್ತರಿಸಿ, ತಂತಿಗೆ ಸಿಕ್ಕಿಸಿ, ಸ್ಥಾನ ನಿಶ್ಚಯಿಸಿದ ಮೇಲೆಯೇ ಹಲಗೆಗೆ ರಂಧ್ರ ಕೊರೆಯಬೇಕು. ಎರಡು ವಿಮಾನಗಳಿಗೂ ಬಾಲದಲ್ಲಿ ಒಂದೇ ಎಂಜಿನ್ ನಳಿಗೆ ಇರುವುದರಿಂದ ಪಾರದರ್ಶಕ ಅಕ್ರಿಲಿಕ್ ಕಡ್ಡಿಯನ್ನೋ ಹಿತ್ತಾಳೆಯ ಸರಳನ್ನೋ ಅದರೊಳಗೆ ಸೇರಿಸಿ ನಿಲ್ಲಿಸಬಹುದು.

ಬಂಗಾಳದ ನೆಲ

ನವೆಂಬರ್ ಕೊನೆಯ ವಾರಗಳೆಂದರೆ ಬಂಗಾಳದಲ್ಲಿ ಅಮನ್ ಭತ್ತ ಹಣ್ಣಾಗುವ ಕಾಲ. ಹೊಲಗಳು ಅಲ್ಲಲ್ಲಿ ಹೊಂಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಹಸಿರು ಉಳಿದು, ಕೊಯ್ಲಾದ ಕಡೆ ಮಣ್ಣಿನ ಬಣ್ಣದ ಕೂಳೆ ಕಾಣಿಸುತ್ತದೆ. ಕಬಡಕ್ ನದಿ, ಊರೂರಿಗೆ ಕೊಳಗಳು, ಬದುಗಳ ಮೇಲೆ ಈಚಲು ಮರಗಳು. ಜೆಸ್ಸೋರ್ ಸೀಮೆ ಈಚಲ ಬೆಲ್ಲಕ್ಕೆ ಹೆಸರಾದದ್ದು. 1/300ರಲ್ಲಿ ಪೈರನ್ನು ಒಂದೊಂದಾಗಿ ತೋರಿಸುವ ಪ್ರಶ್ನೆಯಿಲ್ಲ. ಫೆವಿಕಾಲ್ ಬಳಿದ ಗದ್ದೆಗಳ ಮೇಲೆ ನುಣ್ಣಗೆ ಜರಡಿ ಹಿಡಿದ ಮರದ ಹೊಟ್ಟನ್ನು ಉದುರಿಸಿ, ಗದ್ದೆಗೊಂದು ಛಾಯೆಯಂತೆ ಬಣ್ಣ ಕೊಟ್ಟರೆ ಸಾಕು. 8 ಮೀಟರಿನ ಈಚಲು ಮರ ಈ ಪ್ರಮಾಣದಲ್ಲಿ 2.7 ಸೆಂ.ಮೀ.; ತಂತಿಯ ತುದಿಗೆ ಹಸಿರು ಕಾಗದವನ್ನು ಸೀಳಿ ಅಂಟಿಸಿ ಮಾಡಬಹುದು. ನೆಲಕ್ಕೆ ಥರ್ಮಕೋಲ್ ಬಳಸುವವರು ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಥವಾ ಫೆವಿಕಾಲ್ ಕಾಗದದ ಹೊದಿಕೆ ಕೊಟ್ಟೇ ಬಣ್ಣ ಹಚ್ಚಬೇಕು. ಸ್ಪ್ರೇ ಬಣ್ಣ ನೇರವಾಗಿ ತಾಗಿದರೆ ಥರ್ಮಕೋಲ್ ಕರಗಿಹೋಗುತ್ತದೆ.

ಬೆಳಕಿನ ವಿಷಯದಲ್ಲಿಯೂ ಲೆಕ್ಕ ಹಾಕಬಹುದು. ಆ ದಿನ ಆ ಅಕ್ಷಾಂಶದಲ್ಲಿ ಮೂರು ಗಂಟೆಗೆ ಸೂರ್ಯ ನೈಋತ್ಯ ದಿಕ್ಕಿನಲ್ಲಿ ದಿಗಂತದಿಂದ ಸುಮಾರು 20 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದ್ದರಿಂದ ಮರಗಳ ನೆರಳು ಅವುಗಳ ಎತ್ತರದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಉದ್ದವಾಗಿ ಈಶಾನ್ಯಕ್ಕೆ ಬೀಳಬೇಕು. ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಅನೇಕರು ವಿಮಾನದ ನೇರ ಕೆಳಗೆ ಅದರ ನೆರಳನ್ನು ಬಿಡಿಸುತ್ತಾರೆ. 150 ಮೀಟರ್ ಎತ್ತರದ ವಿಮಾನದ ನೆರಳು ಆ ಹೊತ್ತಿನಲ್ಲಿ 390 ಮೀಟರಿನಷ್ಟು ದೂರ ಬೀಳುತ್ತದೆ. ಅದು ನಮ್ಮ ಹಲಗೆಯ ಆಚೆಗೇ ಹೋಯಿತು. ನೆರಳನ್ನು ಬಿಡುವುದೇ ಇಲ್ಲಿ ನಿಜ.

ಹೊಗೆ ಮತ್ತು ಪ್ಯಾರಾಚೂಟ್

ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ತೆಳ್ಳನೆಯ ತಂತಿಗೆ ಸುತ್ತಿ, ಸೇಬರ್‌ನ ಹತ್ತಿರ ಕಪ್ಪಾಗಿಯೂ ಹಿಂದಕ್ಕೆ ಹೋದಂತೆ ಬೂದಿಯಾಗಿಯೂ ಬಣ್ಣ ಸಿಂಪಡಿಸಿದರೆ ಹೊಗೆಯ ಜಾಡು ಸಿದ್ಧ. ಅದೇ ತಂತಿ ವಿಮಾನಕ್ಕೆ ಆಸರೆಯೂ ಆಗುವುದರಿಂದ ಕಡ್ಡಿ ಕಣ್ಣಿಗೆ ಬೀಳದು. ಹೊಗೆ ವಿಮಾನ ಬಂದ ದಾರಿಯಲ್ಲಿ ಬಾಗಿರಬೇಕು.

ಪ್ಯಾರಾಚೂಟಿಗೆ ಟೇಬಲ್ ಟೆನಿಸ್ ಚೆಂಡು ಒಳ್ಳೆಯ ಅಚ್ಚು. ಚೆಂಡಿನ ಮೇಲರ್ಧಕ್ಕೆ ಎಣ್ಣೆ ಸವರಿ, ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ನೆನೆಸಿ ಹೊದಿಸಿ, ಒಣಗಿದ ಮೇಲೆ ಬಿಡಿಸಿದರೆ 4 ಸೆಂ.ಮೀ. ವ್ಯಾಸದ ಛತ್ರಿ ದೊರೆಯುತ್ತದೆ. ಏಳೆಂಟು ಮೀಟರಿನ ಪ್ಯಾರಾಚೂಟಿಗೆ ಇದು ಸುಮಾರು 1/190 ಪ್ರಮಾಣವಾಯಿತು. ಅಂದರೆ ಮೇಲಿನ ವಿಮಾನಗಳಿಗೂ ಕೆಳಗಿನ ನೆಲಕ್ಕೂ ನಡುವಿನ ಎತ್ತರಕ್ಕೆ ಸರಿಯಾಗಿ ಹೊಂದುತ್ತದೆ. ಹೊಲಿಗೆಯ ದಾರದ ಎಳೆಗಳನ್ನು ಹಗ್ಗವಾಗಿ ಕಟ್ಟಿ, ತುದಿಯಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಮನುಷ್ಯಾಕೃತಿಯನ್ನು ತೂಗಬಿಡಬೇಕು.

ಆ ಪುಟ್ಟ ಆಕೃತಿಗೆ ಹೆಸರಿದೆ. ಅಂದು ಇಳಿದವರಲ್ಲಿ ಒಬ್ಬರು ಫ್ಲೈಟ್ ಲೆಫ್ಟಿನೆಂಟ್ ಪರ್ವೇಜ್ ಮೆಹದಿ ಕುರೇಶಿ, ಇನ್ನೊಬ್ಬರು ಫ್ಲೈಯಿಂಗ್ ಆಫೀಸರ್ ಖಲೀಲ್ ಅಹ್ಮದ್. ಕುರೇಶಿಯವರನ್ನು ಸೆರೆಹಿಡಿದ ಸೈನಿಕರು ಸಿಟ್ಟಿನಿಂದ ಹೊಡೆಯತೊಡಗಿದಾಗ ತಡೆದು ರಕ್ಷಿಸಿದವರು 4ನೇ ಸಿಖ್ ಪಡೆಯ ಯುವ ಅಧಿಕಾರಿ ಎಚ್. ಎಸ್. ಪನಾಗ್, ಮುಂದೆ ಅವರು ನಮ್ಮ ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆದರು. ಕುರೇಶಿಯವರು ತಮ್ಮ ದೇಶಕ್ಕೆ ಮರಳಿ 1997ರಲ್ಲಿ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾದರು. ಆಗ ಡೊನಾಲ್ಡ್ ಲಜಾರಸ್ ಅವರು ಅಭಿನಂದಿಸಿ ಪತ್ರ ಬರೆದರು. ಅದಕ್ಕೆ ಉತ್ತರವೂ ಬಂತು.

ಪ್ಯಾರಾಚೂಟಿನ ಕ್ಷಣವನ್ನು ನಾವು ಆರಿಸುವುದು ಇದರಿಂದಾಗಿಯೇ. ಬೆಂಕಿಯ ಕ್ಷಣ ವಿಜಯವನ್ನು ಮಾತ್ರ ಹೇಳುತ್ತದೆ. ಪ್ಯಾರಾಚೂಟಿನ ಕ್ಷಣದಲ್ಲಿ ವಿಜಯವೂ ಇದೆ, ಬದುಕಿ ಉಳಿದ ಎದುರಾಳಿಯೂ ಇದ್ದಾನೆ, ಕೆಳಗೆ ಯಾರ ತಂಟೆಗೂ ಹೋಗದ ರೈತನ ಹಣ್ಣಾದ ಗದ್ದೆಯೂ ಇದೆ. ಮನೆಯ ಮಕ್ಕಳು ದಿನವೂ ನೋಡುವ ವಸ್ತುವಿನಲ್ಲಿ ಇವು ಮೂರೂ ಇರುವುದು ಒಳ್ಳೆಯದು.

ಸಂರಕ್ಷಣೆ ಮತ್ತು ಫಲಕ

ಸಿದ್ಧವಾದ ಡಯೋರಮಾವನ್ನು ಅಕ್ರಿಲಿಕ್ ಪೆಟ್ಟಿಗೆಯಿಂದ ಮುಚ್ಚಬೇಕು. ಹತ್ತಿಯ ಹೊಗೆಯಲ್ಲಿ ಧೂಳು ಸೇರಿದರೆ ಬಿಡಿಸಲಾಗದು. ನೇರ ಬಿಸಿಲು ತಾಗಿದರೆ ಡೆಕಾಲ್ ಹಳದಿಯಾಗುತ್ತದೆ; ಕಡಲತೀರದ ನಗರಗಳಲ್ಲಿ ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್‌ನ ಚೀಟಿಯೊಂದನ್ನು ಪೆಟ್ಟಿಗೆಯ ಮೂಲೆಯಲ್ಲಿ ಅಡಗಿಸಿಡಬಹುದು.

ಮುಂಭಾಗದಲ್ಲಿ ಒಂದು ಚಿಕ್ಕ ಫಲಕವಿರಲಿ. ಅದರಲ್ಲಿ ಸ್ಥಳ, ದಿನಾಂಕ, ಎರಡೂ ಕಡೆಯ ಸ್ಕ್ವಾಡ್ರನ್ನುಗಳ ಸಂಖ್ಯೆ, ಎರಡೂ ಕಡೆಯ ಚಾಲಕರ ಹೆಸರುಗಳು ಇರಬೇಕು. ನೆಲ 1/300, ವಿಮಾನ 1/72, ಅಂತರ ಕುಗ್ಗಿಸಲಾಗಿದೆ ಎಂಬ ಒಂದು ಸಾಲನ್ನೂ ಸೇರಿಸುವುದು ಪ್ರಾಮಾಣಿಕ ಕ್ರಮ. ಕನ್ನಡದಲ್ಲಿಯೇ ಬರೆದರೆ ಮನೆಗೆ ಬಂದ ನೆಂಟರೂ ಓದುತ್ತಾರೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ನಾಲ್ಕು ಸಾಲು ಕನ್ನಡ ಓದಲು ಅದೊಂದು ನೆಪವೂ ಆದೀತು.